ಚಾಂದಿಗೆ ಹಚ್ಚಿದ ಪುಡಿ

ಸಿಂದಗಿಯ ನಮ್ಮ ಓಣಿಯಲ್ಲಿ ಬೆಕ್ಕುಗಳಿಗೆ ವಿಷ ಹಾಕಿದವಳು ಹಾಲಿನ ಗಂಗಕ್ಕ ಅಲ್ಲ, ನಾನು. ವಿಷವೆಂದು ತಿಳಿಯದೆ ಹಾಕಿದೆ. ಅದನ್ನು ಅಜ್ಞಾನ ಎನ್ನಬಹುದು, ಅಜ್ಞಾನಕ್ಕೆ ಎಲ್ಲೋ ಒಂದು ಕಡೆ ಮಾಫಿಯೂ ಇರಬಹುದು. ಆದರೆ ತಿಳಿದ ಮೇಲೂ ಸುಮ್ಮನಿದ್ದೆ. ನಾನಿಲ್ಲಿ ಒಪ್ಪಿಕೊಳ್ಳಲು ಕೂತಿರುವುದು ಈ ಎರಡನೆಯದನ್ನು.

ನನ್ನ ಹೆಸರು ಖೈರುನ್ನಿಸಾ. ಬಸವನ ಬಾಗೇವಾಡಿಯ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಆರೋಗ್ಯ ಮತ್ತು ವಿಜ್ಞಾನ ಕಲಿಸುತ್ತೇನೆ. ಹುಡುಗಿಯರು ನನ್ನ ಬೆನ್ನ ಹಿಂದೆ 'ಬೆಕ್ಕಿನ ಅಕ್ಕೋರು' ಎನ್ನುತ್ತಾರೆಂಬುದು ನನಗೆ ಗೊತ್ತು. ಸಾಲೆಯ ಹಿಂದಿನ ಕಟ್ಟೆಯ ಮೇಲೆ ಊಟದ ಬಿಡುವಿನಲ್ಲಿ ಕೂತು ಬೆಕ್ಕುಗಳನ್ನು ನೋಡುವುದು ನನ್ನ ಚಟ. ಯಾವುದು ಯಾವುದರ ಹತ್ತಿರ ಮಲಗುತ್ತದೆ, ಯಾವುದು ಬಾಲ ನೆಟ್ಟಗೆ ಮಾಡಿಕೊಂಡು ಯಾವುದನ್ನು ಎದುರುಗೊಳ್ಳುತ್ತದೆ, ಯಾವುದಕ್ಕೆ ಯಾವುದು ಹಣೆ ತಿಕ್ಕುತ್ತದೆ — ಹೀಗೆ. ಪ್ರೀತಿಗೆ ನೋಡುತ್ತೇನೆಂದು ಎಲ್ಲರೂ ತಿಳಿದಿದ್ದಾರೆ. ಪ್ರೀತಿ ಇಲ್ಲವೆಂದಲ್ಲ. ಆದರೆ ಮೊದಲು ನೋಡಲು ಕೂತದ್ದು ಪ್ರೀತಿಗಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ತಿಳಿಯಬೇಕಾಗಿತ್ತು.

ಆಗ ನಾನಿನ್ನೂ ಸಿಂದಗಿಯಲ್ಲಿ ತಂದೆಯ ಮನೆಯಲ್ಲಿದ್ದೆ. ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾಗಿ ನೌಕರಿಯ ದಾರಿ ನೋಡುತ್ತಿದ್ದೆ. ನಮ್ಮ ಓಣಿಯಲ್ಲಿ ಮುಲ್ಕಿ ಪಾಸಾದ ಹೆಣ್ಣುಮಗಳು ನಾನೊಬ್ಬಳೇ. ಔಷಧದ ಚೀಟಿ ಓದಲಿ, ಊರಿಂದ ಬಂದ ಕಾಗದ ಓದಲಿ, ನನ್ನನ್ನೇ ಕರೆಯುತ್ತಿದ್ದರು. ಕರೆದಷ್ಟೂ ನನ್ನ ತಲೆ ಮೇಲೇರುತ್ತಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ಆದದ್ದಕ್ಕೂ ಈ ತಲೆಗೂ ಸಂಬಂಧವಿದೆ.

ತಂದೆಯದು ಕಾಳಿನ ಅಂಗಡಿ. ಇಲಿಗಳ ಕಾಟಕ್ಕೆ ಬೆಕ್ಕು ಬೇಕೇ ಬೇಕು. ಚಾಂದಿ ಎಂಬುದು ಬಿಳಿ ಬೆಕ್ಕು, ಕಸ್ತೂರಿ ಎಂಬುದು ಅದರ ಮಗಳು, ಕರಿದು. ನಮ್ಮ ದಾದಿಮಾ, ಅಂದರೆ ತಂದೆಯ ತಾಯಿ, ನಮಾಜಿಗೆ ಕೂತರೆ ಚಾಂದಿ ಚಾಪೆಯ ಅಂಚಿಗೆ ಬಂದು ಕೂಡುತ್ತಿತ್ತು. "ಅದು ಪಾಕ ಪ್ರಾಣಿ, ಶುದ್ಧ ಐತಿ, ಕುಂಡ್ರಲಿ ಬಿಡು" ಎನ್ನುತ್ತಿದ್ದಳು ದಾದಿಮಾ. ಆ ವರ್ಷ ತಾಯಿ ಮಗಳು ಎರಡೂ ಒಂದೇ ವಾರದಲ್ಲಿ ಮರಿ ಹಾಕಿದವು. ಚಾಂದಿ ತನ್ನ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬಂದು ಕಸ್ತೂರಿಯ ಬುಟ್ಟಿಗೇ ಹಾಕಿತು. ಅಂದಿನಿಂದ ಯಾವ ಮರಿ ಯಾರದೆಂದು ನಮಗೂ ತಿಳಿಯಲಿಲ್ಲ, ಅವಕ್ಕೂ ಅದು ಬೇಕಾಗಿರಲಿಲ್ಲ. ಒಂದು ಬೇಟೆಗೆ ಹೋದರೆ ಇನ್ನೊಂದು ಎಲ್ಲ ಮರಿಗಳಿಗೂ ಮೊಲೆಯೂಡುತ್ತಿತ್ತು. ಹೋದದ್ದು ತಿರುಗಿ ಬಂದಾಗ ಕಾದು ಕೂತದ್ದು ಅದರ ಕತ್ತು, ಕಿವಿಯ ಹಿಂಭಾಗ ನೆಕ್ಕುತ್ತಿತ್ತು. ಬೆಕ್ಕಿಗೆ ತನ್ನ ನಾಲಿಗೆ ನಿಲುಕದ ಜಾಗ ಅದು.

ಬೆಕ್ಕು ಒಂಟಿ ಪ್ರಾಣಿ, ಅದು ಮನೆಗೆ ಹೊಂದುತ್ತದೆಯೇ ಹೊರತು ಜೀವಕ್ಕೆ ಹೊಂದುವುದಿಲ್ಲ ಎಂದು ಜನ ಹೇಳುತ್ತಾರೆ. ಪೂರಾ ಸುಳ್ಳು. ಅದು ಎಲ್ಲರಿಗೂ ಹೊಂದುವುದಿಲ್ಲ, ಹೊಂದಿದವರನ್ನು ಬಿಡುವುದಿಲ್ಲ, ಅಷ್ಟೇ. ನಾನು ಇದನ್ನು ದಿನಾ ಕಣ್ಣಾರೆ ಕಾಣುತ್ತಿದ್ದೆ. ಕಂಡೂ —

ಇರಲಿ. ಮೊದಲು ಗಂಗಕ್ಕನ ಮಾತು.

ಗಂಗಕ್ಕ ನಮ್ಮ ಎದುರು ಮನೆಯವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುತ್ತಿದ್ದಳು. ನಮ್ಮ ಮನೆಗೂ ಅವಳದೇ ಹಾಲು. ಬಾಯಿ ಜೋರು, ಅಳತೆ ಸರಿ, ನೀರು ಬೆರೆಸುವವಳಲ್ಲ. ಒಂದು ದಿನ ಬೆಳಗ್ಗೆ ಚಾಂದಿ ಅವಳ ಪಡಸಾಲೆಗೆ ನುಗ್ಗಿ ಹಾಲಿನ ಗಡಿಗೆ ಉರುಳಿಸಿತು. ಗಂಗಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಓಣಿಗೆ ಓಣಿಯೇ ಕೇಳುವಂತೆ ಕೂಗಿದಳು.

"ಏ ಖೈರೂ, ನಿಮ್ಮ ಬೆಕ್ಕ ಹಿಡಕೋರಿ! ಇನ್ನೊಮ್ಮಿ ನನ್ನ ಗಡಗಿಗೆ ಬಾಯಿ ಹಾಕಿದ್ರ ವಿಷಾ ಇಟ್ಟ ಕೊಂದಬಿಡತೇನಿ, ನೋಡು!"

ದಾದಿಮಾ ಬಾಗಿಲಲ್ಲಿ ನಿಂತು ನಕ್ಕಳು. "ನೀ ಏನ ಕೊಲ್ಲತೀ ಬಿಡು ಗಂಗವ್ವ. ನಿನ್ನ ಬಾಯಾಗ ಖಾರ, ಹೊಟ್ಟ್ಯಾಗ ಬೆಲ್ಲ."

ಗಂಗಕ್ಕನಿಗೂ ನಗು ಬಂತು. ಗಡಿಗೆಯ ತಳದಲ್ಲಿ ಉಳಿದಿದ್ದ ಹಾಲನ್ನು ಒಂದು ಬೋಕಿಯಲ್ಲಿ, ಒಡೆದ ಮಡಕೆಯ ಚೂರಿನಲ್ಲಿ, ಹಾಕಿ ಚಾಂದಿಯ ಮುಂದೆಯೇ ಇಟ್ಟಳು. "ಕುಡಿ, ಕಳ್ಳಿ. ಮೊಲಿ ಕೊಡಾಕಿ ಅದಿ ಅಂತ ಬಿಟ್ಟೇನಿ" ಎಂದಳು. ಓಣಿಯ ಜನ ಕೂಗನ್ನು ನೆನಪಿಟ್ಟುಕೊಂಡರು. ಬೋಕಿಯ ಹಾಲನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಅದರ ಮರುದಿನವೇ ನಾನು ಪುಡಿ ಹಚ್ಚಿದೆ. ಆ ಕಾಲಕ್ಕೆ ಮಲೇರಿಯಾದವರು ಊರೂರು ತಿರುಗಿ ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆಯುತ್ತಿದ್ದರು. ನಮ್ಮ ಅಣ್ಣ ಆ ತಂಡದಲ್ಲಿ ಕೂಲಿಗಿದ್ದ. ನೀರಿಗೆ ಕಲಸುವ ಗಟ್ಟಿ ಪುಡಿಯನ್ನು ಒಂದು ಸಣ್ಣ ಡಬ್ಬಿಯಲ್ಲಿ, ಯಾರಿಗೂ ಹೇಳದೆ, ಮನೆಗೆ ತಂದಿದ್ದ. ಹೊರಸಿನ ತಗಣೆಗೆ ಅದು ರಾಮಬಾಣ ಎಂದು ಎಲ್ಲರೂ ಹೇಳುತ್ತಿದ್ದರು. ಹೇನಿಗೆಂದು ಹುಡುಗಿಯರ ತಲೆಗೆ ಅದನ್ನು ಉದುರಿಸುವ ತಾಯಂದಿರೂ ಇದ್ದರು. ಮನುಷ್ಯರ ತಲೆಗೆ ನಡೆಯುವ ಪುಡಿ ಬೆಕ್ಕಿಗೆ ನಡೆಯದೇನು ಎಂದು ನಾನು ಅಂದುಕೊಂಡೆ. ಚಾಂದಿಯ ಮೈತುಂಬ ಚಿಗಟ. ಮರಿಗಳು ಚಿಗಟ ಕಚ್ಚಿಸಿಕೊಂಡು ಸೊರಗುತ್ತಿದ್ದವು.

ನನ್ನ ಜಾಣತನ ನೋಡಿ. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ಪುಡಿ ಹೊಟ್ಟೆಗೆ ಹೋದರೆ ಕೆಟ್ಟದ್ದು ಎಂಬಷ್ಟು ನನಗೆ ತಿಳಿದಿತ್ತು. ಅದಕ್ಕೇ ಕತ್ತಿಗೆ, ಕಿವಿಯ ಹಿಂದೆ, ಅದರ ನಾಲಿಗೆ ನಿಲುಕದ ಜಾಗ ನೋಡಿ ನೋಡಿ ಹಚ್ಚಿದೆ. ಕೂದಲು ಬಿಡಿಸಿ ಬುಡಕ್ಕೆ ಇಳಿಯುವಂತೆ ಬೆರಳಿಂದ ತಿಕ್ಕಿದೆ. ಚಾಂದಿ ನನ್ನ ಮಡಿಲಲ್ಲಿ ಕಣ್ಣು ಅರೆ ಮುಚ್ಚಿಕೊಂಡು ಗುರುಗುಟ್ಟುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಯಾರೂ ನೋಡುತ್ತಿಲ್ಲವೆಂದು ತಿಳಿಯುತ್ತದೆ ಎಂದು ಗಾದೆ ಮಾಡಿದವರು ಬೆಕ್ಕನ್ನು ನೋಡಿಯೇ ಇಲ್ಲ. ಬೆಕ್ಕು ಕಣ್ಣು ಅರೆ ಮುಚ್ಚುವುದು ನಂಬಿಗೆಗೆ. ಯಾರೂ ನೋಡಿಲ್ಲವೆಂದು ಕಣ್ಣು ಮುಚ್ಚಿಕೊಳ್ಳುವ ಜಾತಿ ನಮ್ಮದು.

ಚಾಂದಿಯನ್ನು ಬಿಟ್ಟ ಕೂಡಲೇ ಅದು ಬುಟ್ಟಿಗೆ ಹೋಯಿತು. ಕಸ್ತೂರಿ ಎದ್ದು ನಿಂತು ಮೂಗಿಗೆ ಮೂಗು ತಾಗಿಸಿತು. ಮೂಸಿತು. ತಾಯಿಯ ಮೈಯ ವಾಸನೆ ಬೇರೆಯಾಗಿತ್ತು. ಅದನ್ನು ಮೊದಲಿನಂತೆ ಮಾಡದೆ ಅದಕ್ಕೆ ಸಮಾಧಾನವಿಲ್ಲ. ಕತ್ತು ನೆಕ್ಕಿತು, ಕಿವಿ ನೆಕ್ಕಿತು, ಮತ್ತೆ ಕತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೋಡಿ, ಎಷ್ಟು ಚಂದ, ಅಂದುಕೊಂಡೆ.

ಒಂದು ಬೆಕ್ಕಿನ ನಾಲಿಗೆಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿದ್ದೆ.

ಬೆಳಗಾದಾಗ ಕಸ್ತೂರಿಯ ಮೀಸೆ, ಕಣ್ಣರೆಪ್ಪೆ ಅದುರುತ್ತಿದ್ದವು. ಆಮೇಲೆ ಇಡೀ ಮೈ ನಡುಗತೊಡಗಿತು. ಬಾಗಿಲ ಸದ್ದಾದರೂ ಬೆಚ್ಚಿ ಬೀಳುತ್ತಿತ್ತು. ಚಾಂದಿ ಮುಂಗಾಲಿನಿಂದ ಕಿವಿ ಒರೆಸಿಕೊಂಡು ಆ ಕಾಲನ್ನು ನೆಕ್ಕಿ, ಮತ್ತೆ ಒರೆಸಿಕೊಂಡು, ಮತ್ತೆ ನೆಕ್ಕಿ — ಅದಕ್ಕೂ ಶುರುವಾಯಿತು. ಬುಟ್ಟಿ ಇದ್ದ ಜಾಗ ಇನ್ನು ನೆಟ್ಟಗಿಲ್ಲವೆಂದು ಅದಕ್ಕೆ ಅನಿಸಿರಬೇಕು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತೇವಲ್ಲ, ಅದು ಶಾಸ್ತ್ರವಲ್ಲ, ಅಂಜಿಕೆ. ಚಾಂದಿ ಒಂದು ಬಿಳಿ ಮರಿಯನ್ನು ಕಚ್ಚಿಕೊಂಡು ತಡವರಿಸುತ್ತ ಓಣಿ ದಾಟಿ ಗಂಗಕ್ಕನ ಹುಲ್ಲಿನ ಅಟ್ಟಕ್ಕೆ ಹೋಯಿತು. ಎರಡನೆಯದನ್ನು ಒಯ್ಯಲು ತಿರುಗಿ ಬಂತು. ಒಯ್ಯಲಾಗಲಿಲ್ಲ.

ದಾದಿಮಾ ವಿಷಕ್ಕೆ ತಂಪು ಎಂದು ಎರಡಕ್ಕೂ ತುಪ್ಪ ಕುಡಿಸಿದಳು. ನಾನು ಬಾಯಿ ಬಿಡಿಸಿ ಹಿಡಿದೆ. ಮೊದಲು ಹೋದದ್ದು ಕಸ್ತೂರಿ, ನಾನು ಪುಡಿ ಮುಟ್ಟಿಸದ ಬೆಕ್ಕು. ಚಾಂದಿ ಸಂಜೆಗೆ ಹೋಯಿತು. ಬುಟ್ಟಿಯಲ್ಲಿ ಉಳಿದ ಮರಿಗಳೂ ಒಂದರ ಹಿಂದೆ ಒಂದು ಹೋದವು. ಕಸ್ತೂರಿ ನಡುಗುವುದನ್ನು ನೋಡಿದಾಗಲೇ ನನಗೆ ಗೊತ್ತಾಗಿತ್ತು. ಆಮೇಲೆ ಗೊತ್ತಾಯಿತು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಡಬ್ಬಿಯನ್ನು ಒಯ್ದು ತಿಪ್ಪೆಯಲ್ಲಿ ಹುಗಿದೆ, ಕೈಯನ್ನು ಬೂದಿ ಹಚ್ಚಿ ತೊಳೆದೆ. ಅದೆಲ್ಲ ತಿಳಿಯದವಳು ಮಾಡುವ ಕೆಲಸವೇ?

ಎರಡು ಬೆಕ್ಕು ಒಂದೇ ದಿನ ಸತ್ತವು ಅಂದಮೇಲೆ ಯಾರೋ ತಿನಿಸಿದ್ದೇ ಸೈ ಎಂದಿತು ಓಣಿ. ಯಾರೆಂದು ಹುಡುಕುವ ಕಷ್ಟವೂ ಇರಲಿಲ್ಲ, ಗಂಗಕ್ಕ ತಾನೇ ಕೂಗಿ ಹೇಳಿದ್ದಳಲ್ಲ. ಊರ ಬಾಯಿಗೆ ಮುಚ್ಚಳವಿಲ್ಲ. ಅದರ ಮೇಲೆ ಅವಳ ಅಟ್ಟದಲ್ಲಿ ಬಿಳಿ ಮರಿ ಸಿಕ್ಕಿತು. ಗಂಗಕ್ಕ ಬತ್ತಿಯನ್ನು ಹಾಲಲ್ಲಿ ಅದ್ದಿ ಅದಕ್ಕೆ ಕುಡಿಸುತ್ತಿದ್ದಳು. "ತಾಯಿನ್ನ ಕೊಂದು ಮರಿ ಸಾಕಾಕತ್ತಾಳ, ಪಾಪ ಕಳಕೊಳ್ಳಾಕ" ಎಂದರು. ಒಂದು ಸಲ ಒಬ್ಬಳು ಕೆಟ್ಟವಳೆಂದು ಆದಮೇಲೆ ಅವಳ ಒಳ್ಳೆಯದೂ ಸಾಕ್ಷಿಗೆ ಬರುತ್ತದೆ, ಅವಳ ವಿರುದ್ಧದ ಸಾಕ್ಷಿಗೆ.

ಬೆಕ್ಕು ಕೊಂದ ಪಾಪ ದೊಡ್ಡದೆಂದು ಎಲ್ಲರಿಗೂ ಗೊತ್ತು. ಆದರೆ ನಿಜವಾದ ಅಂಜಿಕೆ ಅದಲ್ಲ. ಹಾಲು ಅಳೆಯುವ ಮನೆಯಲ್ಲಿ ವಿಷ ಇದೆ ಎಂಬ ಮಾತು ಹುಟ್ಟಿತು. ಕೂಸುಗಳಿದ್ದ ಮನೆಯವರು ಮೊದಲು ಹಾಲು ಬಿಟ್ಟರು. ಆಮೇಲೆ ಉಳಿದವರು. ಓಣಿಯ ಹಿರಿಯರು ಒಂದು ಮುಂಜಾನೆ ನಮ್ಮ ಕಟ್ಟೆಯ ಮುಂದೆ ಸೇರಿ ಅವಳನ್ನು ಕರೆಸಿದರು. ಕೆಟ್ಟ ಜನವಲ್ಲ. ಮುಗಿಸಿಬಿಡೋಣ ಎಂದೇ ಕರೆಸಿದ್ದರು.

"ಆದದ್ದಾತು ಗಂಗವ್ವ. ಸಿಟ್ಟಿನಾಗ ಹಾಕಿದ್ನಿ, ತಪ್ಪಾತು ಅನ್ನು. ಮಠಕ್ಕ ಹೋಗಿ ಅಡ್ಡಬೀಳು, ಮುಗೀತು" ಎಂದರು ಒಬ್ಬ ಹಿರಿಯರು.

"ಹಾಕಿದ್ರ ಹಾಕೇನಿ ಅಂತಿದ್ನಿರಿ. ಮಾಡದ ತಪ್ಪಿಗೆ ಯಾಕ ಅಡ್ಡಬೀಳ್ಲಿ?"

ಗಂಗಕ್ಕ ಸುತ್ತ ನೋಡಿದಳು. ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಕಣ್ಣಿಗೆ ಬಿದ್ದೆ.

"ಖೈರೂ, ನೀ ಮುಲ್ಕಿ ಪಾಸಾದಾಕಿ. ಬೆಕ್ಕೂ ನಿಮ್ಮನಿವು. ನೀ ಹೇಳವಾ, ನಾ ಹಾಕೇನಿ ಅಂತ ಅನಸತೈತೇನ ನಿನಗ?"

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಗಟ್ಟಿ ನಂಬಿಗೆ ಇತ್ತು. ನಾನು ಇಲ್ಲವೆಂದೇ ಹೇಳುತ್ತೇನೆಂಬ ನಂಬಿಗೆ. ಬರೀ ಇಲ್ಲ ಅಂದಿದ್ದರೂ ಸಾಕಿತ್ತು. ಪುಡಿಯ ಮಾತು ಎತ್ತದೆಯೂ ಅನ್ನಬಹುದಿತ್ತು. ಬೆಕ್ಕಿನ ಮನೆಯವರೇ ಇಲ್ಲವೆಂದರೆ ಓಣಿ ಏನು ಮಾಡುತ್ತಿತ್ತು? ಆದರೆ ಇಲ್ಲ ಎಂದರೆ, ಮತ್ತೆ ಯಾರು ಎಂದು ಕೇಳುತ್ತಾರೆ. ಅಷ್ಟೂ ಜನ ನನ್ನ ಮುಖ ನೋಡುತ್ತಿದ್ದರು.

"ನನಗೇನ ಗೊತ್ತ್ರೀ, ಗಂಗಕ್ಕ" ಎಂದೆ.

ಅವಳು ನನ್ನನ್ನು ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು ತನ್ನ ಮನೆಗೆ ನಡೆದಳು.

ಮರುದಿನದಿಂದ ಗಂಗಕ್ಕ ಒಂದು ಹೊಸ ರೀತಿ ಹಿಡಿದಳು. ಹಾಲು ಅಳೆಯುವ ಮೊದಲು, ಕೊಳ್ಳುವವರ ಎದುರಿಗೆ, ಗಡಿಗೆಯಿಂದ ತನ್ನ ಅಂಗೈಗೆ ಒಂದಿಷ್ಟು ಸುರಿದುಕೊಂಡು ಕುಡಿಯುತ್ತಿದ್ದಳು. "ನೋಡ್ರಿ, ಕುಡದೇನಿ. ಇನ್ನ ಹಾಕ್ಲೇನ್ರಿ?" ಕೆಲವರು ತಲೆ ತಗ್ಗಿಸಿ ಹಾಕಿಸಿಕೊಂಡರು, ನಾಲ್ಕು ದಿನ. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ದಾದಿಮಾ ಎಲ್ಲರಿಗಿಂತ ಹೆಚ್ಚು ದಿನ ಹಾಲು ತರಿಸಿದಳು. ಕೊನೆಗೆ ತಂದೆ, "ನಾಕ ಮಂದಿ ಏನಂತಾರ, ಬ್ಯಾಡ ಬಿಡ್ರಿ" ಎಂದು ಅದನ್ನೂ ನಿಲ್ಲಿಸಿದರು. ದನದ ಹಾಲು ಹಿಂಡದೆ ಬಿಡಲಾಗುವುದಿಲ್ಲ. ಗಂಗಕ್ಕ ಹಿಂಡಿ ಹಿಂಡಿ ಕರುಗಳಿಗೆ ಕುಡಿಸಿದಳು, ಉಳಿದದ್ದನ್ನು ಹೆಪ್ಪು ಹಾಕಿದಳು. ಅವಳ ಮಜ್ಜಿಗೆಯನ್ನೂ ಯಾರೂ ಮುಟ್ಟಲಿಲ್ಲ. ಒಂದು ಎಮ್ಮೆ ಮಾರಿದಳು. ಆಮೇಲೆ ಇಂಡಿ ಕಡೆಯ ಹೊರ್ತಿಯಿಂದ ಅವಳ ಅಣ್ಣ ಬಂಡಿ ತಂದು ಅವಳನ್ನು ಕರೆದೊಯ್ದ. ಉಳಿದ ಎಮ್ಮೆ ಬಂಡಿಯ ಹಿಂದೆ ನಡೆಯಿತು. ಬಿಳಿ ಮರಿ ಬುಟ್ಟಿಯಲ್ಲಿ, ಅವಳ ತೊಡೆಯ ಮೇಲೆ. ನಾನು ಮಾಳಿಗೆಯ ಮೇಲಿಂದ ನೋಡಿದೆ.

ಅಣ್ಣನ ಕೆಲಸ ಹೋದೀತು, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನು ಹೇಳಿಕೊಂಡೆ. ಹೇಳದೆ ತಂದ ಪುಡಿ ಅಲ್ಲವೇ. ಈ ಮಾತು ಆರೆಂಟು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಅಣ್ಣ ಆ ಕೆಲಸ ಬಿಟ್ಟು ಸೋಲಾಪುರಕ್ಕೆ ಗಿರಣಿ ಸೇರಲು ಹೋದ. ಅವನಿಗೆ ಏನೂ ಆಗುವಂತಿರಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ. ಅಲ್ಲಿಗೆ ಅಣ್ಣನ ನೆಪ ಮುಗಿಯಿತು. ಉಳಿದದ್ದು ಇಷ್ಟೇ — ಚೀಟಿ ಓದಿ ಔಷಧ ಹೇಳುವ ಹುಡುಗಿ ತನ್ನ ಬೆಕ್ಕಿಗೆ ವಿಷ ತಿಕ್ಕಿದಳು ಎಂದು ಓಣಿ ನಗುತ್ತದೆ. ಆ ನಗೆಗೆ ಅಂಜಿ ಒಬ್ಬ ಹೆಣ್ಣುಮಗಳ ಅನ್ನ ಕಳೆದೆ.

ಬಾಗೇವಾಡಿಗೆ ನೌಕರಿಯ ಮೇಲೆ ಬಂದ ಮೇಲೆ, ಮುದ್ದೇಬಿಹಾಳದಿಂದ ಒಬ್ಬ ದನದ ಡಾಕ್ಟರು ನಮ್ಮ ಸಾಲೆಗೆ ಮಾತಾಡಲು ಬಂದಿದ್ದರು. ಚಹಾ ಕುಡಿಯುವಾಗ, ಡಿಡಿಟಿ ಬೆಕ್ಕಿಗೆ ಹತ್ತಿದರೆ ಏನಾಗುತ್ತದೆ ಎಂದು ಸಹಜವಾಗಿ ಕೇಳುವವಳಂತೆ ಕೇಳಿದೆ.

"ಬೆಕ್ಕಿಗೆ ಅದು ಭಾಳ ಜಲ್ದಿ ಹತ್ತತೈತ್ರಿ ಅಕ್ಕೋರ. ಮೈಮ್ಯಾಲ ಏನ ಬಿದ್ರೂ ನೆಕ್ಕಿ ತಗೀತಾವಲ್ರಿ. ಒಂದರ ಮೈ ಇನ್ನೊಂದೂ ನೆಕ್ಕತೈತಿ. ಹಾಲು, ತುಪ್ಪ ಮಾತ್ರ ಹಾಕಬಾರದ್ರಿ. ಜಿಡ್ಡಿನಾಗ ಕರಗಿ ಇನ್ನಿಷ್ಟು ಒಳಗ ಹೋಗತೈತಿ" ಎಂದರು ಅವರು. ಆಮೇಲೆ, "ಯಾರ ಬೆಕ್ಕರಿ?" ಎಂದು ಕೇಳಿದರು.

"ಯಾರದೋ, ಕೇಳಿದ್ದೆ" ಎಂದೆ. ಅಲ್ಲಿಯೂ. ಕೇಳುವವರು ಯಾರೂ ಇಲ್ಲದ ಪರವೂರಲ್ಲಿಯೂ.

ಹೋದ ವರ್ಷ ಅಣ್ಣನ ಮಗಳ ನಿಕಾಹಕ್ಕೆಂದು ಸೋಲಾಪುರಕ್ಕೆ ಹೊರಟಿದ್ದೆ. ಬಿಜಾಪುರ ದಾಟಿ ಹೊರ್ತಿ ಬಂದಾಗ ಬಸ್ಸು ನಿಂತಿತು. ಕಂಡಕ್ಟರ್ ನನ್ನ ಟಿಕೀಟು ಸೋಲಾಪುರದ್ದೆಂದು ಎರಡು ಸಲ ಹೇಳಿದ. ನಾನು ಇಳಿದೆ. ಇಷ್ಟು ವರ್ಷ ಹೊರ್ತಿ ಎಂಬ ಹೆಸರು ಕಿವಿಗೆ ಬಿದ್ದರೆ ಬೇರೆ ಮಾತು ತೆಗೆಯುತ್ತಿದ್ದವಳು ನಾನು.

ಹಾಲಿನ ಗಂಗವ್ವನ ಮನೆ ಅಂದರೆ ಯಾರಾದರೂ ತೋರಿಸುತ್ತಿದ್ದರು. ಅಂಗಳದಲ್ಲಿ ಮೂರು ಎಮ್ಮೆ. ಗೋಡೆಯ ಬುಡದ ಬಿಸಿಲಿನಲ್ಲಿ ಎರಡು ಬಿಳಿ ಬೆಕ್ಕು, ಒಂದರ ಕತ್ತನ್ನು ಇನ್ನೊಂದು ನೆಕ್ಕುತ್ತಿತ್ತು. ಗಂಗಕ್ಕನ ಕೂದಲು ಪೂರಾ ನರೆತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯವ್ವಾ, ಖೈರು! ಎಷ್ಟ ಸೊರಗೀ ಅಲ್ಲ ನನ್ನವ್ವ. ಬಾ, ಕುಂಡ್ರು. ದಾದಿಮಾ ಹೋದ್ಲಂತ ಕೇಳಿದ್ನಿ. ದೊಡ್ಡ ಜೀವಾ." ಬೆಕ್ಕುಗಳ ಕಡೆ ಕೈ ಮಾಡಿದಳು. "ನಿಮ್ಮ ಚಾಂದಿ ವಂಶದ್ದವು. ನಿನ್ನ ಗುರತ ಹಿಡದಾವ ನೋಡು."

ಹಿಡಿದಿರಲಿಲ್ಲ. ಹಿಡಿಯುವುದು ಸಾಧ್ಯವೂ ಇಲ್ಲ. ವಾಸನೆಯಿಂದ, ದನಿಯಿಂದ, ದಿನದಿನದ ಒಡನಾಟದಿಂದ ಅವು ಗುರುತು ಹಿಡಿಯುತ್ತವೆ, ಅಜ್ಜಿಯ ನೆನಪು ಮೊಮ್ಮಕ್ಕಳಿಗೆ ಇಳಿಯುವುದಿಲ್ಲ. ಇದನ್ನೆಲ್ಲ ಮನಸ್ಸಿನಲ್ಲೇ ಪಾಠದಂತೆ ಹೇಳಿಕೊಂಡೆ. ಬೇರೆ ಹೇಳಬೇಕಾದದ್ದು ಇತ್ತಲ್ಲ, ಅದು ಬಾಯಿಗೆ ಬರಬಾರದೆಂದು.

ಗಂಗಕ್ಕ ಒಳಗಿನಿಂದ ಕಾಸಿದ ಹಾಲಿನ ಚರಿಗೆ, ಒಂದು ಲೋಟ ತಂದಳು. ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಚರಿಗೆಯನ್ನು ವಾಲಿಸಿ ತನ್ನ ಅಂಗೈಗೆ ಒಂದಿಷ್ಟು ಸುರಿದುಕೊಂಡು ಕುಡಿದಳು, ಸೆರಗಿಗೆ ಕೈ ಒರೆಸಿದಳು. ಆಮೇಲೆ ನನ್ನ ಲೋಟ ತುಂಬಿದಳು.

"ಹಂಗ್ಯಾಕ ಕುಡಿತೀರಿ ಗಂಗಕ್ಕ?" ಎಂದು ಕೇಳಿಯೇಬಿಟ್ಟೆ.

"ಹೆಂಗ?" ಎಂದಳು. ತಾನು ಮಾಡಿದ್ದು ಅವಳಿಗೇ ತಿಳಿದಿರಲಿಲ್ಲ. ಆಮೇಲೆ ತನ್ನ ಅಂಗೈ ನೋಡಿಕೊಂಡು ನಕ್ಕಳು. "ಓ, ಇದ? ರೂಢಿ ಬಿದ್ದೈತಿ ಬಿಡು. ಇಲ್ಲಿ ಯಾರೂ ಕೇಳಾಂಗಿಲ್ಲ, ಆದ್ರೂ ಕೈ ತಾನ ಹೋಗತೈತಿ."

ನಾನು ಲೋಟ ಹಿಡಿದುಕೊಂಡು ಕೂತೆ. ಈಗ ಹೇಳಬೇಕು, ಈಗ — ಎಂದುಕೊಳ್ಳುವಷ್ಟರಲ್ಲಿ ಅವಳೇ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

"ನೀ ಆ ದಿನದ್ದ ಮನಸಿನಾಗ ಇಟ್ಕೊಂಡಿ ಅಂತ ಕಾಣತೈತಿ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲವಾ. ಸಣ್ಣಾಕಿ ಇದ್ದಿ. ನಿನಗೇನ ಗೊತ್ತಿತ್ತು!"

ನಾನು ಹಾಲು ಕುಡಿದೆ, ಲೋಟ ಕೆಳಗಿಟ್ಟೆ. ಬಸ್ಸಿನ ಹೊತ್ತಾಯಿತು ಎಂದೆ. ಅವಳು ಊರ ಅಗಸಿಯ ಬಾಗಿಲ ತನಕ ಬಂದು ಕಳಿಸಿಕೊಟ್ಟಳು.

ಗಂಗಕ್ಕನಿಗೆ ಓದಲು ಬರುವುದಿಲ್ಲ. ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ಅದು ನೆನಪಿಗೆ ಬಂತು, ನಾಚಿಕೆಯೂ ಬಂತು. ಓದಲಾರದವಳಿಗೆ ಬರೆದು ಒಪ್ಪಿಕೊಂಡರೆ ಅದೂ ಬಾಗಿಲ ಮರೆಯಲ್ಲಿ ನಿಂತ ಹಾಗೆಯೇ. ಬರುವ ಸೂಟಿಗೆ, ಸಾಲೆಗೆ ರಜೆ ಬಿದ್ದ ಕೂಡಲೇ, ಹೊರ್ತಿಗೆ ಹೋಗುತ್ತೇನೆ. ಅಲ್ಲಿಂದ ಸಿಂದಗಿಗೂ ಹೋಗಬೇಕು, ಆ ಓಣಿಯಲ್ಲಿ ಅಂದಿನ ಹಿರಿಯರು ಇನ್ನೂ ಕೆಲವರಿದ್ದಾರೆ. ಆದರೆ ಮೊದಲು ಹೊರ್ತಿ. ಅವಳು ನನ್ನನ್ನು ಕಂಡ ಕೂಡಲೇ ಬಾ, ಕುಂಡ್ರು ಎನ್ನುತ್ತಾಳೆ, ಒಳಗೆ ಹೋಗಿ ಚರಿಗೆ ತರುತ್ತಾಳೆ. ಆ ಚರಿಗೆ ವಾಲುವುದರೊಳಗೆ, ಅವಳು ಅಂಗೈ ಒಡ್ಡುವುದರೊಳಗೆ, ನಾನು ಹೇಳಿ ಮುಗಿಸಿರಬೇಕು.